ಬದುವಿನ ಮರ, ಬರಗಾಲದ ಬುತ್ತಿ



‘ಹಸಿದು ಹಲಸು, ಉಂಡು ಮಾವು’ ಎಂಬ ಗಾದೆ ನಮ್ಮಲ್ಲಿ ಬಹು ಹಳೆಯದು. ಹಲಸನ್ನು ಹಸಿದ ಹೊಟ್ಟೆಯಲ್ಲಿ ತಿನ್ನಬೇಕು, ಮಾವನ್ನು ಊಟವಾದ ಮೇಲೆ ತಿನ್ನಬೇಕು ಎಂಬ ಪಥ್ಯದ ಮಾತು ಅದರ ಮೇಲಿನ ಅರ್ಥ. ಸ್ವಲ್ಪ ಒಳಹೊಕ್ಕು ನೋಡಿದರೆ ಅದರಲ್ಲಿ ಒಂದು ಅರ್ಥಶಾಸ್ತ್ರವೂ ಅಡಗಿದೆ. ಮಾವು ತೃಪ್ತನಾದವನ ಹಣ್ಣು. ಹಲಸು ಹಸಿದವನ ಅನ್ನ. ಬೇಸಗೆಯಲ್ಲಿ ಹಿಂದಿನ ವರ್ಷದ ರಾಗಿ ಕಣಜದ ತಳ ಮುಟ್ಟಿ, ಮುಂದಿನ ಮಳೆ ಇನ್ನೂ ಬಾರದೆ ಇರುವಾಗ, ಯಾರೂ ನೀರೆರೆಯದ ಒಂದು ಮರ ಬದುವಿನ ಮೇಲೆ ನಿಂತು ಮನೆಮಂದಿಗೆಲ್ಲ ಹೊಟ್ಟೆತುಂಬ ಉಣ್ಣಲು ಕೊಡುತ್ತಿತ್ತು. ತೊಳೆ ತಿಂದಾದ ಮೇಲೆ ಬೀಜವನ್ನು ಸುಟ್ಟು ತಿನ್ನಬಹುದಿತ್ತು, ಸಾರಿಗೆ ಹಾಕಬಹುದಿತ್ತು. ಸಿಪ್ಪೆ ದನದ ಪಾಲು, ಎಲೆ ಮೇಕೆಯ ಪಾಲು.

ಈ ಹೊತ್ತು ನಾನು ಮಾತನಾಡಬೇಕೆಂದಿರುವುದು ಜೀವವೈವಿಧ್ಯವನ್ನು ಕಾಪಾಡುವ ನೀತಿಗೂ, ಒಂದು ಸೀಮೆಯ ಆರ್ಥಿಕ ತಾಳಿಕೆಗೂ ಇರುವ ಸಂಬಂಧವನ್ನು ಕುರಿತು. ತಾಳಿಕೆ ಎಂದರೆ ಸಿರಿವಂತಿಕೆಯಲ್ಲ. ಹೊಡೆತ ಬಿದ್ದಾಗ ಮುರಿಯದೆ ಬಾಗುವ, ಬಾಗಿದ ಮೇಲೆ ಮತ್ತೆ ನೆಟ್ಟಗೆ ನಿಲ್ಲುವ ಶಕ್ತಿ. ನಾನು ಅರ್ಥಶಾಸ್ತ್ರಜ್ಞನಲ್ಲ, ಸಸ್ಯಶಾಸ್ತ್ರಜ್ಞನೂ ಅಲ್ಲ. ಕನ್ನಡ ಪಾಠ ಹೇಳಿದವನು. ಆದರೂ ಈ ವಿಷಯ ತುಮಕೂರು, ಗುಬ್ಬಿ, ಕುಣಿಗಲ್ಲುಗಳ ಹೊಲಗದ್ದೆಗಳಲ್ಲಿ ಕಣ್ಣಿಗೆ ಕಾಣುವಂತೆ ನಡೆದಿರುವ ಸಂಗತಿಯಾದ್ದರಿಂದ, ನೋಡಿದ್ದನ್ನೂ ಓದಿದ್ದನ್ನೂ ನಿಮ್ಮ ಮುಂದಿಡುತ್ತಿದ್ದೇನೆ.

ನಮ್ಮ ಜಿಲ್ಲೆಯನ್ನು ಕಲ್ಪತರು ನಾಡೆಂದು ಕರೆಯುತ್ತಾರೆ. ರಾಜ್ಯದಲ್ಲಿ ತೆಂಗನ್ನು ಅತಿ ಹೆಚ್ಚಾಗಿ ಬೆಳೆಯುವ ಜಿಲ್ಲೆ ಇದು. ತಿಪಟೂರಿನ ಕೊಬ್ಬರಿ ಮಾರುಕಟ್ಟೆಯ ಹೆಸರನ್ನು ದೇಶದ ವ್ಯಾಪಾರಿಗಳೆಲ್ಲ ಬಲ್ಲರು. ತೆಂಗು ನಮಗೆ ಅನ್ನ ಕೊಟ್ಟಿದೆ, ಮಕ್ಕಳನ್ನು ಓದಿಸಿದೆ, ಹೆಣ್ಣುಮಕ್ಕಳ ಮದುವೆ ಮಾಡಿಸಿದೆ. ಇದನ್ನು ಮರೆತು ಮಾತನಾಡುವುದು ಕೃತಘ್ನತೆಯಾದೀತು. ಆದರೆ ಕಲ್ಪತರು ಎಂಬ ಮಾತಿನಲ್ಲಿಯೇ ಒಂದು ಮೋಸವಿದೆ. ಬೇಡಿದ್ದನ್ನೆಲ್ಲ ಒಂದೇ ಮರ ಕೊಡುವುದಾದರೆ ಬೇರೆ ಮರವೇಕೆ ಎಂಬ ಭಾವನೆ ಮನಸ್ಸಿಗೆ ಬಂದುಬಿಡುತ್ತದೆ. ಕೊಳವೆ ಬಾವಿ ಬಂದ ಮೇಲೆ ರಾಗಿಯ ಹೊಲ ತೆಂಗಿನ ತೋಟವಾಯಿತು. ತೆಂಗಿನ ನಡುವೆ ಅಡಿಕೆ ಬಂತು. ತೋಟಕ್ಕೆ ನೆರಳಾಗುತ್ತದೆಂದು ಬದುವಿನ ಹಲಸು, ಹುಣಿಸೆ, ಹೊಂಗೆ, ಇಪ್ಪೆಗಳು ಒಂದೊಂದಾಗಿ ಕೊಡಲಿಗೆ ಬಿದ್ದವು. ಹಲಸಿನ ದಿಮ್ಮಿಗೆ ಬಾಗಿಲು ಚೌಕಟ್ಟಿನ ವ್ಯಾಪಾರದಲ್ಲಿ ಒಳ್ಳೆಯ ಬೆಲೆಯಿತ್ತು.

ಅದರ ಫಲ ಕಾಣಿಸಿಕೊಂಡದ್ದು ಕೆಟ್ಟ ದಿನಗಳಲ್ಲಿ. ಕಳೆದ ಶತಮಾನದ ಕೊನೆಯ ವರ್ಷಗಳಲ್ಲಿ ನುಸಿ ಪೀಡೆ ಬಂತು. ಕಪ್ಪುತಲೆ ಹುಳು ಬಂತು. ೨೦೧೨ರಿಂದೀಚಿನ ಬರದ ವರ್ಷಗಳಲ್ಲಿ ಕೊಳವೆ ಬಾವಿಗಳು ಬತ್ತಿ, ಸುಳಿ ಬಿದ್ದು ಬೋಳು ಕಂಬಗಳಂತೆ ನಿಂತ ತೆಂಗಿನ ತೋಟಗಳನ್ನು ರಸ್ತೆಯ ಎರಡೂ ಬದಿಯಲ್ಲಿ ಕಂಡವರು ಆ ನೋಟವನ್ನು ಬೇಗ ಮರೆಯಲಾರರು. ೨೦೨೩ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ಸರಕಾರ ನಿಗದಿ ಮಾಡಿದ್ದ ಬೆಂಬಲ ಬೆಲೆ ಕ್ವಿಂಟಾಲಿಗೆ ೧೧,೭೫೦ ರೂಪಾಯಿ. ಮಾರುಕಟ್ಟೆಯ ಬೆಲೆ ಅದಕ್ಕಿಂತ ಸಾವಿರಾರು ರೂಪಾಯಿ ಕೆಳಗಿಳಿದು ರೈತರು ಬೀದಿಗಿಳಿಯಬೇಕಾಯಿತು. ಅದೇ ವರ್ಷ ಮಳೆಯೂ ಕೈಕೊಟ್ಟು ರಾಜ್ಯದ ೨೩೬ ತಾಲ್ಲೂಕುಗಳಲ್ಲಿ ೨೨೩ನ್ನು ಬರಪೀಡಿತವೆಂದು ಸರಕಾರ ಘೋಷಿಸಿತು. ಎರಡೇ ವರ್ಷ ಕಳೆಯುವಷ್ಟರಲ್ಲಿ, ೨೦೨೫ರಲ್ಲಿ, ಕೊಬ್ಬರಿಯ ಬೆಲೆ ಕ್ವಿಂಟಾಲಿಗೆ ಇಪ್ಪತ್ತು ಸಾವಿರವನ್ನೂ ದಾಟಿ ಏರಿತು. ಬೆಲೆ ಏರಿತಲ್ಲ, ಇನ್ನೇನು ಚಿಂತೆ ಎನ್ನಬಹುದು. ಆದರೆ ಮರವೇ ಒಣಗಿಹೋದವನಿಗೆ, ಸಾಲ ತೀರಿಸಲು ತೋಟವನ್ನೇ ಮಾರಿಕೊಂಡವನಿಗೆ ಆ ಬೆಲೆಯಿಂದ ಬಂದದ್ದೇನು? ನಮ್ಮ ಎತ್ತರದ ತಳಿಯ ತೆಂಗು ನೆಟ್ಟ ಮೇಲೆ ಫಲ ಕೊಡಲು ಆರೇಳು ವರ್ಷ ಬೇಕು. ಬೆಲೆಯ ಏರಿಳಿತಕ್ಕೆ ತಕ್ಕಂತೆ ಮರ ಕುಣಿಯಲಾರದು. ಒಂದೇ ಮರವನ್ನು ನಂಬಿದ ಸೀಮೆ, ಒಂದೇ ಕಾಲಿನ ಮೇಲೆ ನಿಂತ ಮನುಷ್ಯನ ಹಾಗೆ. ನಿಲ್ಲಬಲ್ಲದು, ಆದರೆ ನೂಕಿದರೆ ಬೀಳುತ್ತದೆ.

ನಮ್ಮ ಹಿರಿಯರು ಇದನ್ನು ತಿಳಿದವರಾಗಿದ್ದರು. ವರ್ಷಕ್ಕೆ ೬೦೦ರಿಂದ ೭೦೦ ಮಿಲಿಮೀಟರು ಮಳೆ ಬೀಳುವ, ಅದೂ ಬಿದ್ದರೆ ಬಿದ್ದಿತು ಎನ್ನುವ ಸೀಮೆ ಇದು. ಅವರು ರಾಗಿಯ ಹೊಲದಲ್ಲಿ ರಾಗಿಯೊಂದನ್ನೇ ಬಿತ್ತುತ್ತಿರಲಿಲ್ಲ. ಆರೆಂಟು ಸಾಲು ರಾಗಿಯಾದ ಮೇಲೆ ಒಂದು ಅಕ್ಕಡಿ ಸಾಲು. ಅದರಲ್ಲಿ ಅವರೆ, ತೊಗರಿ, ಜೋಳ, ಹುಚ್ಚೆಳ್ಳು, ಸಾಸುವೆ. ಹೊಲದ ಅಂಚಿನಲ್ಲಿ ಹರಳು. ಇದು ಅಂದಚೆಂದಕ್ಕಾಗಿ ಮಾಡಿದ ಏರ್ಪಾಡಲ್ಲ. ಮುಂಗಾರು ಮೋಸ ಮಾಡಿದರೆ ಆಳಕ್ಕೆ ಬೇರಿಳಿಸುವ ತೊಗರಿ ಉಳಿಯುತ್ತದೆ; ಹಿಂಗಾರು ಸೊರಗಿದರೆ ಇಬ್ಬನಿಯಲ್ಲೇ ಅವರೆ ಸೊಗಡು ಕಟ್ಟಿಕೊಳ್ಳುತ್ತದೆ; ರಾಗಿ ತೆನೆ ಕಟ್ಟದಿದ್ದರೂ ಹುಲ್ಲು ದನಕ್ಕಾಗುತ್ತದೆ. ದ್ವಿದಳ ಧಾನ್ಯದ ಬೇರು ಮಣ್ಣಿಗೆ ಸಾರಜನಕವನ್ನು ಸೇರಿಸಿ ಮುಂದಿನ ಬೆಳೆಗೆ ಗೊಬ್ಬರವಾಗುತ್ತದೆ. ಹೊಲದೊಳಗೆ ಅಕ್ಕಡಿ, ಹೊಲದಂಚಿಗೆ ಬದುವಿನ ಮರ, ಊರಾಚೆ ಗೋಮಾಳ, ಊರ ಮುಂದೆ ಕೆರೆ. ಇವು ನಾಲ್ಕೂ ಸೇರಿದ್ದು ಒಂದು ವಿಮಾ ಯೋಜನೆ. ಅದಕ್ಕೆ ಕಂತಿನ ಹಣ ಕಟ್ಟಬೇಕಾಗಿರಲಿಲ್ಲ. ವಿಜ್ಞಾನಿಗಳು ಈಚೆಗೆ ಜೀವವೈವಿಧ್ಯ ಎಂದು ಹೆಸರಿಟ್ಟದ್ದನ್ನು ನಮ್ಮ ರೈತ ಹೆಸರಿಡದೆಯೇ ಬಾಳಿದ್ದ.

ಹೆಸರಿನ ಮಾತು ಬಂದುದರಿಂದ ಭಾಷೆಯ ಕಡೆಗೂ ಒಂದು ಹೆಜ್ಜೆ ಇಡುತ್ತೇನೆ. ಹಲಸಿಗೆ ಹಳೆಯ ರೂಪ ಪಲಸು; ಪಕಾರ ಹಕಾರವಾಗುವ ನಮ್ಮ ಭಾಷೆಯ ನಿಯಮದಂತೆ ಅದು ಹಲಸಾಯಿತು. ಸಂಸ್ಕೃತದ ಪನಸವೂ ದ್ರಾವಿಡ ಮೂಲದ್ದೇ ಇರಬೇಕೆಂದು ಹಲವು ವಿದ್ವಾಂಸರು ಭಾವಿಸಿದ್ದಾರೆ. ಇಂಗ್ಲಿಷಿನ ‘ಜ್ಯಾಕ್’ ಕೂಡ ಮಲಯಾಳದ ಚಕ್ಕ ಎಂಬ ಮಾತು ಪೋರ್ಚುಗೀಸರ ಬಾಯಿಗೆ ಬಿದ್ದು ಹುಟ್ಟಿದ್ದು. ಈ ಹಣ್ಣಿಗೆ ನಮ್ಮ ಜನ ಇಟ್ಟ ಒಳಹೆಸರುಗಳು ಎಷ್ಟೊಂದು! ಗಟ್ಟಿ ತೊಳೆಯದು ಬಕ್ಕೆ, ಮೆತ್ತನೆಯದು ಅಂಬಲಿ, ಕೈಯಲ್ಲಿ ಹಿಡಿಯುವಷ್ಟು ಪುಟ್ಟದು ರುದ್ರಾಕ್ಷಿ, ಕೆಂಪು ತೊಳೆಯದು ಚಂದ್ರ ಹಲಸು. ಇದರ ಮೇಲೆ ‘ಬಾವಿಕಟ್ಟೆಯ ಮರದ್ದು’, ‘ಅಜ್ಜಿ ಮರದ್ದು’ ಎಂದು ಪ್ರತಿಯೊಂದು ಮರಕ್ಕೂ ಒಂದು ಮನೆತನದ ಹೆಸರು. ಇದು ಕವಿತನದ ಚಾಪಲ್ಯವಲ್ಲ, ಸಸ್ಯಶಾಸ್ತ್ರದ ಸತ್ಯ. ಹಲಸು ಪರಕೀಯ ಪರಾಗಸ್ಪರ್ಶದಿಂದ ಕಾಯಿ ಕಟ್ಟುವ ಮರ. ಒಂದು ಮರದ ಬೀಜದಿಂದ ಹುಟ್ಟಿದ ಮರ ತಾಯಿಯ ಪ್ರತಿಬಿಂಬವಾಗಿರುವುದಿಲ್ಲ. ನೂರು ಬೀಜ ನೆಟ್ಟರೆ ನೂರು ಬಗೆಯ ಮರ. ಆದ್ದರಿಂದ ಬೀಜದಿಂದ ಬೆಳೆದ ಒಂದು ಹಲಸಿನ ಮರವನ್ನು ಕಡಿದಾಗ ಹೋಗುವುದು ಒಂದು ಮರ ಮಾತ್ರವಲ್ಲ. ಲೋಕದಲ್ಲಿ ಇನ್ನೆಲ್ಲಿಯೂ ಇಲ್ಲದ ಒಂದು ತಳಿ.

ಇನ್ನು ನಮ್ಮ ಕಥೆಯ ಮುಖ್ಯ ಭಾಗಕ್ಕೆ ಬರುತ್ತೇನೆ. ಗುಬ್ಬಿ ತಾಲ್ಲೂಕಿನಲ್ಲಿ ಚೇಳೂರು ಎಂಬ ಊರಿದೆ. ಹಲಸಿನ ಕಾಲದಲ್ಲಿ ಅಲ್ಲಿನ ಮಾರುಕಟ್ಟೆಗೆ ಸುತ್ತಲ ಹಳ್ಳಿಗಳ ಹಣ್ಣು ಗಾಡಿಗಟ್ಟಲೆ ಬಂದು, ಹೊರಗಿನ ಊರುಗಳಿಗೆ ಲಾರಿಗಟ್ಟಲೆ ಹೋಗುತ್ತದೆ. ಆ ಊರಿನ ಒಬ್ಬ ರೈತರು ಬೀಜದಿಂದ ಬೆಳೆಸಿದ ಒಂದು ಹಲಸಿನ ಮರ ಅವರ ಜಮೀನಿನಲ್ಲಿತ್ತು. ಹಣ್ಣು ಚಿಕ್ಕದು, ಸರಾಸರಿ ಎರಡೂವರೆ ಕಿಲೋ ತೂಕದ್ದು. ತೊಳೆಯ ಬಣ್ಣ ತಾಮ್ರಗೆಂಪು. ಟೊಮೇಟೊಗೆ ಕೆಂಪು ಕೊಡುವ ಲೈಕೊಪೀನ್ ಎಂಬ ವಸ್ತುವೇ ಇದರಲ್ಲಿಯೂ ಸಮೃದ್ಧವಾಗಿದೆ ಎಂಬುದು ಪರೀಕ್ಷೆಯಿಂದ ತಿಳಿಯಿತು. ಆ ಕುಟುಂಬ ಹಣ್ಣನ್ನು ಬಂಧುಬಳಗಕ್ಕೆ ಹಂಚಿ ತಿನ್ನುತ್ತಿತ್ತು. ಮರವನ್ನು ದಿಮ್ಮಿಯ ವ್ಯಾಪಾರಿಗೆ ಕೊಡಲಿಲ್ಲ. ತುಮಕೂರಿನ ಬಳಿ ಹೆದ್ದಾರಿಯ ಮಗ್ಗುಲಲ್ಲೇ ಇರುವ ಹಿರೇಹಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರದ ವಿಜ್ಞಾನಿಗಳು ಅದನ್ನು ಪರಿಶೀಲಿಸಿ, ನೆಟ್ಟ ಹಿರಿಯರ ಹೆಸರು ಉಳಿಯುವಂತೆ ಆ ತಳಿಗೆ ‘ಸಿದ್ದು’ ಎಂದು ನಾಮಕರಣ ಮಾಡಿದರು.

ಇಂಥ ಕಥೆ ಸಾಮಾನ್ಯವಾಗಿ ಇಲ್ಲಿಗೇ ಮುಗಿಯುತ್ತದೆ. ಸಂಸ್ಥೆ ಕಡ್ಡಿ ಕತ್ತರಿಸಿಕೊಂಡು ಹೋಗುತ್ತದೆ; ಸಸಿ ಮಾಡಿ ಮಾರುತ್ತದೆ; ರೈತನಿಗೆ ಒಂದು ಹಾರ, ಒಂದು ಶಾಲು. ಇಲ್ಲಿ ಹಾಗಾಗಲಿಲ್ಲ. ಹಿರೇಹಳ್ಳಿ ಕೇಂದ್ರದ ಮಾತೃಸಂಸ್ಥೆಯಾದ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ೨೦೧೭ರಲ್ಲಿ ಆ ರೈತ ಕುಟುಂಬದೊಡನೆ ಲಿಖಿತ ಒಪ್ಪಂದ ಮಾಡಿಕೊಂಡಿತು. ಕಸಿ ಕಟ್ಟುವ ಕೆಲಸ ಸಂಸ್ಥೆಯದು. ಸಸಿ ಮಾರಾಟದಿಂದ ಬಂದುದರಲ್ಲಿ ನೂರಕ್ಕೆ ೭೫ ಭಾಗ ರೈತನಿಗೆ. ರೈತನನ್ನು ‘ತಳಿ ವೈವಿಧ್ಯದ ಪಾಲಕ’ ಎಂದು ಗೌರವಿಸಲಾಯಿತು. ಮೊದಲ ಕೆಲವು ತಿಂಗಳಲ್ಲೇ ಸಸಿಗಳಿಗೆ ಸಾವಿರಗಟ್ಟಲೆ ಬೇಡಿಕೆ ಬಂದು ಕುಟುಂಬಕ್ಕೆ ಲಕ್ಷಗಟ್ಟಲೆ ರೂಪಾಯಿ ಸಂದಿತು. ಇದಾದ ಮೇಲೆ ಅದೇ ಗುಬ್ಬಿ ತಾಲ್ಲೂಕಿನ ಇನ್ನೊಂದು ಕೆಂಪು ಹಲಸು ‘ಶಂಕರ’ ಎಂಬ ಹೆಸರಿನಲ್ಲಿಯೂ, ಜಿಲ್ಲೆಯ ನಂದಿಹಳ್ಳಿಯ ಒಂದು ಹುಣಿಸೆ ‘ಲಕ್ಷ್ಮಣ’ ಎಂಬ ಹೆಸರಿನಲ್ಲಿಯೂ ಬೆಳಕಿಗೆ ಬಂದವು. ಅಂದರೆ ಒಂದು ಮರಕ್ಕೆ ದೊರೆತ ನ್ಯಾಯ, ಸುತ್ತಲಿನ ರೈತರು ತಮ್ಮ ಬದುವಿನ ಕಡೆಗೆ ಮತ್ತೊಮ್ಮೆ ತಿರುಗಿ ನೋಡುವಂತೆ ಮಾಡಿತು. ದಿಮ್ಮಿಯಾಗಿ ಒಂದು ಸಲ ಸಿಗುವ ಹಣಕ್ಕಿಂತ ಮರವಾಗಿ ಸಿಗುವ ಹಣ ದೊಡ್ಡದು ಎಂಬ ಲೆಕ್ಕ ಹಳ್ಳಿಗೆ ಕಂಡದ್ದು ಆಗ. ಉಪದೇಶದಿಂದ ಉಳಿಯದ ಮರ ಲೆಕ್ಕದಿಂದ ಉಳಿಯಿತು.

ಈ ನೂರಕ್ಕೆ ೭೫ರ ಮಹತ್ವವನ್ನು ತಿಳಿಯಬೇಕಾದರೆ ಹಲಸಿನ ಬೀಜದ ಒಂದು ಸ್ವಭಾವವನ್ನು ತಿಳಿಯಬೇಕು. ರಾಗಿ, ಭತ್ತ, ಗೋಧಿಗಳ ಬೀಜವನ್ನು ಚೆನ್ನಾಗಿ ಒಣಗಿಸಿ, ತಣ್ಣನೆಯ ಉಗ್ರಾಣದಲ್ಲಿ ದಶಕಗಳ ಕಾಲ ಜೋಪಾನ ಮಾಡಬಹುದು. ಉತ್ತರ ಧ್ರುವದ ಬಳಿ ನಾರ್ವೆ ದೇಶದ ಸ್ವಾಲ್ಬಾರ್ಡ್ ದ್ವೀಪಸಮೂಹದಲ್ಲಿ ಹಿಮದ ಬೆಟ್ಟವನ್ನು ಕೊರೆದು ೨೦೦೮ರಲ್ಲಿ ತೆರೆದ ಬೀಜದ ಭಂಡಾರದಲ್ಲಿ ಲೋಕದ ಧಾನ್ಯಗಳೆಲ್ಲ ನಿದ್ರಿಸುತ್ತಿವೆ. ಹಲಸಿನ ಬೀಜಕ್ಕೆ ಆ ಭಾಗ್ಯವಿಲ್ಲ. ಅದು ಒಣಗಿದರೆ ಸಾಯುತ್ತದೆ, ಮಂಜಿನಲ್ಲಿಟ್ಟರೂ ಸಾಯುತ್ತದೆ. ಹಣ್ಣಿನಿಂದ ತೆಗೆದ ಕೆಲವೇ ವಾರಗಳಲ್ಲಿ ಮಣ್ಣು ಸೇರಬೇಕು. ಆದ್ದರಿಂದ ಹಲಸಿನ ವೈವಿಧ್ಯಕ್ಕೆ ಬದುಕಿರುವ ಮರವೇ ಭಂಡಾರ. ಆ ಮರ ನಿಂತಿರುವುದು ಸರಕಾರದ ಜಾಗದಲ್ಲಲ್ಲ, ರೈತನ ಬದುವಿನಲ್ಲಿ. ಅಭಯಾರಣ್ಯಕ್ಕೆ ಬೇಲಿ ಹಾಕಿದಂತೆ ಇದಕ್ಕೆ ಬೇಲಿ ಹಾಕಲಾಗದು. ರೈತನ ಮನೆಯ ಒಲೆ ಉರಿದರೆ ಮಾತ್ರ ಈ ಭಂಡಾರ ಉಳಿದೀತು. ಜೀವವೈವಿಧ್ಯ ನೀತಿ ಬೇರೆ, ಗ್ರಾಮೀಣ ಅರ್ಥನೀತಿ ಬೇರೆ ಎಂದು ಎರಡು ಕಚೇರಿಗಳಲ್ಲಿ ಎರಡು ಕಡತಗಳನ್ನು ಇಡುವವರು ಈ ಒಂದು ಬೀಜದಿಂದ ಪಾಠ ಕಲಿಯಬೇಕು.

ನಮ್ಮ ಕಾಯ್ದೆಗಳು ಈ ವಿಷಯದಲ್ಲಿ ಏನು ಹೇಳುತ್ತವೆ? ೧೯೯೨ರಲ್ಲಿ ರಿಯೋ ಡಿ ಜನೈರೋ ನಗರದಲ್ಲಿ ರಾಷ್ಟ್ರಗಳು ಒಪ್ಪಿದ ಜೀವವೈವಿಧ್ಯ ಒಡಂಬಡಿಕೆ ಮೂರು ಗುರಿಗಳನ್ನು ಹೇಳಿತು: ರಕ್ಷಣೆ, ಹಿತಮಿತವಾದ ಬಳಕೆ, ಲಾಭದ ನ್ಯಾಯವಾದ ಹಂಚಿಕೆ. ಅದಕ್ಕೆ ಅನುಗುಣವಾಗಿ ಭಾರತ ೨೦೦೨ರಲ್ಲಿ ಜೈವಿಕ ವೈವಿಧ್ಯ ಕಾಯ್ದೆಯನ್ನು ಮಾಡಿತು. ಅದಕ್ಕೆ ಒಂದು ವರ್ಷ ಮೊದಲೇ, ೨೦೦೧ರಲ್ಲಿ, ಸಸ್ಯ ತಳಿಗಳ ಮತ್ತು ರೈತರ ಹಕ್ಕುಗಳ ರಕ್ಷಣೆಯ ಕಾಯ್ದೆ ಬಂದಿತ್ತು. ರೈತನು ತಾನು ಉಳಿಸಿದ ತಳಿಯನ್ನು ತನ್ನ ಹೆಸರಿನಲ್ಲಿ ನೋಂದಾಯಿಸಬಹುದೆಂದು ಆ ಕಾಯ್ದೆ ಹೇಳಿತು. ತಳಿ ಕಾಪಾಡಿದ ಸಮುದಾಯಗಳಿಗೆ ಹತ್ತು ಲಕ್ಷ ರೂಪಾಯಿಗಳ ಪ್ರಶಸ್ತಿಯೂ ಅದರಡಿ ಇದೆ. ಜೈವಿಕ ವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿಯೊಂದು ಸ್ಥಳೀಯ ಸಂಸ್ಥೆಯಲ್ಲೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅದು ಊರಿನ ಮರ, ಗಿಡ, ಬೆಳೆ, ದನ, ಹಕ್ಕಿ, ಮೀನು, ಮೂಲಿಕೆ, ಇವುಗಳ ಬಗ್ಗೆ ಜನರಿಗಿರುವ ತಿಳಿವಳಿಕೆ, ಎಲ್ಲವನ್ನೂ ಜನತಾ ಜೀವವೈವಿಧ್ಯ ದಾಖಲಾತಿ ಎಂಬ ಪುಸ್ತಕದಲ್ಲಿ ಬರೆದಿಡಬೇಕು. ಹೊರಗಿನ ಉದ್ಯಮಿ ಆ ಸಂಪತ್ತನ್ನು ಬಳಸಿ ಲಾಭ ಮಾಡಿದರೆ ಅದರಲ್ಲೊಂದು ಪಾಲು ಊರಿಗೆ ಮರಳಬೇಕು.

ಬಹು ಸುಂದರವಾದ ಕಲ್ಪನೆ ಇದು. ಕಾರ್ಯಗತವಾದ ಬಗೆಯನ್ನು ನೋಡಿದರೆ ಮಾತ್ರ ಮನಸ್ಸಿಗೆ ಪೂರ್ತಿ ಸಮಾಧಾನವಾಗದು. ಕಾಯ್ದೆ ಬಂದು ಹದಿನೈದು ವರ್ಷ ಕಳೆದರೂ ದೇಶದಲ್ಲಿ ಸಿದ್ಧವಾಗಿದ್ದ ದಾಖಲಾತಿಗಳು ಕೆಲವೇ ಸಾವಿರ. ಆಗ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ೨೦೧೯ರಲ್ಲಿ ಕಟ್ಟುನಿಟ್ಟಿನ ಆದೇಶ ಮಾಡಿ, ೨೦೨೦ರ ಜನವರಿಯೊಳಗೆ ಕೆಲಸ ಮುಗಿಸದ ರಾಜ್ಯಗಳು ತಿಂಗಳಿಗೆ ಹತ್ತು ಲಕ್ಷ ರೂಪಾಯಿ ತೆರಬೇಕೆಂದಿತು. ಪರಿಣಾಮವಾಗಿ ದಾಖಲಾತಿಗಳ ಸಂಖ್ಯೆ ಕೆಲವೇ ವರ್ಷಗಳಲ್ಲಿ ಎರಡು ಲಕ್ಷವನ್ನು ಮೀರಿತು. ಒಂದು ಊರಿನ ಮರಗಿಡಗಳ ಹೆಸರನ್ನು ಕೇಳಿ ತಿಳಿಯಲು ಎಲ್ಲ ಋತುಗಳನ್ನೂ ಕಾಣಬೇಕು. ಅಂದರೆ ಕನಿಷ್ಠ ಒಂದು ವರ್ಷ ಬೇಕು. ಅಜ್ಜಿಯರೊಡನೆ ಕೂತು ಮಾತನಾಡಬೇಕು. ಕುರಿಗಾಹಿಯ ಹಿಂದೆ ನಡೆಯಬೇಕು. ದಂಡಕ್ಕೆ ಹೆದರಿ ಅವಸರದಲ್ಲಿ ತುಂಬಿದ ಪುಟದಲ್ಲಿ ‘ಹಲಸು’ ಎಂಬ ಒಂದು ಪದವಿದ್ದರೆ ಸಾಲದು. ಯಾರ ಬದುವಿನ ಯಾವ ಮರ, ತೊಳೆಯ ಬಣ್ಣವೇನು, ಯಾವ ತಿಂಗಳಲ್ಲಿ ಹಣ್ಣಾಗುತ್ತದೆ ಎಂಬುದಿಲ್ಲದ ದಾಖಲಾತಿ, ಹೆಸರಿಲ್ಲದ ಜನಗಣತಿಯಂತೆ. ನಾಳೆ ಪಾಲು ಕೇಳಬೇಕಾದಾಗ ಊರಿಗೆ ಸಾಕ್ಷಿಯಾಗಿ ನಿಲ್ಲಬೇಕಾದದ್ದು ಇದೇ ಪುಸ್ತಕ. ೨೦೨೩ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂದು, ಗ್ರಂಥಸ್ಥವಾದ ಸಾಂಪ್ರದಾಯಿಕ ಜ್ಞಾನದ ಬಳಕೆಗೆ ಪಾಲು ಕೊಡುವ ಹೊಣೆಯಿಂದ ವಿನಾಯಿತಿ ದೊರೆತಿದೆ. ಸಿದ್ಧರ ಬೆಟ್ಟದ ಮೂಲಿಕೆಗಳನ್ನು ತಲೆಮಾರುಗಳಿಂದ ಬಲ್ಲ ಕುಟುಂಬಗಳ ದೃಷ್ಟಿಯಿಂದ ಇದನ್ನು ಎಚ್ಚರದಿಂದ ನೋಡಬೇಕಾಗಿದೆ.

ಚೇಳೂರಿನ ಹಂಚಿಕೆ ಕೂಡ ಕಾಯ್ದೆಯ ಯಾವುದೋ ಕಲಮಿನಿಂದ ತಾನಾಗಿ ಬಂದದ್ದಲ್ಲ. ಒಂದು ಸಂಸ್ಥೆ ಮನಸ್ಸು ಮಾಡಿ ಬರೆದುಕೊಟ್ಟ ಒಪ್ಪಂದದಿಂದ ಬಂದದ್ದು. ಒಳ್ಳೆಯ ಮನಸ್ಸಿನವರು ಇದ್ದಲ್ಲಿ ಆಯಿತು, ಇಲ್ಲದಲ್ಲಿ ಇಲ್ಲ ಎನ್ನುವಂತಾದರೆ ಅದು ದಯೆ, ನೀತಿಯಲ್ಲ.

ಇಲ್ಲಿ ಇನ್ನೊಂದು ಎಚ್ಚರಿಕೆಯ ಮಾತನ್ನೂ ಹೇಳಲೇಬೇಕು. ಕಸಿ ಗಿಡ ತಾಯಿಯ ತದ್ರೂಪು. ‘ಸಿದ್ದು’ ಹಲಸಿನ ಸಾವಿರ ಸಸಿ ಎಂದರೆ ಒಂದೇ ಮರದ ಸಾವಿರ ಕೊಂಬೆಗಳೆಂದೇ ತಿಳಿಯಬೇಕು. ಕೆಂಪು ಹಲಸಿಗೆ ಬೆಲೆ ಬಂದಿತೆಂದು ಉಳಿದ ಬಿಳಿ, ಹಳದಿ ತೊಳೆಯ ಮರಗಳನ್ನೆಲ್ಲ ಕಡಿದು ಇದೊಂದನ್ನೇ ನೆಟ್ಟರೆ, ತೆಂಗಿನ ಕಥೆಯನ್ನು ಹಲಸಿನಲ್ಲಿ ಮತ್ತೊಮ್ಮೆ ಬರೆದಂತಾಗುತ್ತದೆ. ಐರ್ಲೆಂಡಿನ ಬಡಜನ ಒಂದೇ ತಳಿಯ ಆಲೂಗೆಡ್ಡೆಯನ್ನು ನಂಬಿದ್ದರು. ೧೮೪೫ರಲ್ಲಿ ಅದಕ್ಕೆ ತಗುಲಿದ ಅಂಗಮಾರಿ ರೋಗದಿಂದ ಹುಟ್ಟಿದ ಕ್ಷಾಮದಲ್ಲಿ ಲಕ್ಷಾಂತರ ಜನ ಸತ್ತರು, ಲಕ್ಷಾಂತರ ಜನ ಹಡಗು ಹತ್ತಿ ದೇಶ ಬಿಟ್ಟರು. ಅಷ್ಟು ದೂರ ಏಕೆ, ನಮ್ಮ ನಂಜನಗೂಡಿನ ರಸಬಾಳೆಯನ್ನೇ ನೋಡಿ. ಬಾಳೆಯೂ ಕಂದಿನಿಂದ ಕಂದಿಗೆ ತದ್ರೂಪವಾಗಿ ಬೆಳೆಯುವ ಗಿಡ. ಪನಾಮಾ ಸೊರಗು ರೋಗ ತಗುಲಿ ಅದರ ತೋಟಗಳು ಅಳಿದಿದ್ದವು. ಭೌಗೋಳಿಕ ಸೂಚಕದ ಮನ್ನಣೆ ಅದಕ್ಕೆ ದೊರೆಯುವ ಹೊತ್ತಿಗೆ ಹೆಸರು ದೊಡ್ಡದಾಗಿ, ತೋಟ ಚಿಕ್ಕದಾಗಿತ್ತು. ಮನ್ನಣೆಯ ಪತ್ರ ಗಿಡದ ಬೇರಿಗೆ ಔಷಧವಾಗದು. ಒಂದು ಮರದ ಕೀರ್ತಿ ಅದರ ನೂರಾರು ದಾಯಾದಿಗಳ ರಕ್ಷಣೆಗೆ ನೆಪವಾಗಬೇಕೇ ಹೊರತು ಅವುಗಳ ನಾಶಕ್ಕೆ ಕಾರಣವಾಗಬಾರದು.

ರಕ್ಷಣೆಯ ಲಾಭವನ್ನು ಹೇಳಿದವನು ಅದರ ನಷ್ಟವನ್ನೂ ಹೇಳಬೇಕು. ೨೦೧೯ರ ಕೊನೆಯಿಂದ ೨೦೨೦ರ ಆರಂಭದವರೆಗಿನ ಕೆಲವೇ ತಿಂಗಳಲ್ಲಿ ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಹಳ್ಳಿಗಳಲ್ಲಿ ಚಿರತೆಯ ಬಾಯಿಗೆ ಸಿಕ್ಕಿ, ಮಕ್ಕಳೂ ಸೇರಿದಂತೆ, ಹಲವರು ಪ್ರಾಣ ಕಳೆದುಕೊಂಡರು. ಹುಲ್ಲಿಗೆ ಹೋದವರು, ದನ ಮೇಯಿಸಲು ಹೋದವರು ಅವರು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ೨೦೦೭ರಲ್ಲಿ ಕೃಷ್ಣಮೃಗಗಳಿಗಾಗಿ ಮೀಸಲಿಟ್ಟ ಜಯಮಂಗಲಿ ಕಾವಲು ನಮ್ಮ ಜಿಲ್ಲೆಯ ಹೆಮ್ಮೆ. ಆದರೆ ಜಿಂಕೆಗೆ ಕಾವಲಿನ ಎಲ್ಲೆ ತಿಳಿಯದು, ಪಕ್ಕದ ಹೊಲದ ಪೈರೂ ಅದಕ್ಕೆ ಹುಲ್ಲೇ. ಪ್ರಾಣಿ ಉಳಿಯಬೇಕೆಂದು ಪಟ್ಟಣದಲ್ಲಿ ಕುಳಿತ ನಾವು ಬಯಸುತ್ತೇವೆ. ಅದರ ಬೆಲೆಯನ್ನು ತೆರುವವನು ಹಳ್ಳಿಯವನು. ಪರಿಹಾರ ತಕ್ಕಷ್ಟು, ತಕ್ಕ ಹೊತ್ತಿಗೆ ಬರದಿದ್ದರೆ ರಕ್ಷಣೆಯ ನೀತಿ ಅವನ ಕಣ್ಣಿಗೆ ಶತ್ರುವಾಗಿ ಕಾಣುವುದು ಸಹಜ.

ಇದಕ್ಕೂ ಒಂದು ದಾರಿಯುಂಟೆಂದು ನಮ್ಮ ಶಿಂಷಾ ನದಿಯೇ ತೋರಿಸುತ್ತದೆ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ, ಗುಬ್ಬಿಯ ಕಡಬದ ಕೆರೆಯನ್ನೂ ಕುಣಿಗಲ್ಲಿನ ಮಾರ್ಕೋನಹಳ್ಳಿ ಜಲಾಶಯವನ್ನೂ ತುಂಬಿ ಕೆಳಗೆ ಹರಿಯುವ ಈ ನದಿಯ ಸಮೀಪದಲ್ಲಿ, ಮದ್ದೂರು ತಾಲ್ಲೂಕಿನಲ್ಲಿ, ಕೊಕ್ಕರೆ ಬೆಳ್ಳೂರು ಇದೆ. ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಮರಗಳ ಮೇಲೆ, ಮನೆಗಳ ತಲೆಯ ಮೇಲೆಯೇ, ಗೂಡು ಕಟ್ಟುತ್ತವೆ. ಹಕ್ಕಿ ಕೂತ ಹುಣಿಸೆಯ ಮರದ ಫಸಲು ಕೈಬಿಟ್ಟುಹೋಗುತ್ತದೆ. ಆ ನಷ್ಟಕ್ಕೆ ಅರಣ್ಯ ಇಲಾಖೆ ಮರದ ಒಡೆಯರಿಗೆ ಹಣ ಕೊಡುವ ಪದ್ಧತಿಯನ್ನು ತಂದಿತು. ೨೦೦೭ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವೆಂದು ಘೋಷಿತವಾಯಿತು. ನಮ್ಮ ಶಿರಾ ತಾಲ್ಲೂಕಿನ ಕಗ್ಗಲಡುವಿನ ಜನರೂ ತಮ್ಮ ಹುಣಿಸೆ ಮರಗಳನ್ನು ಹೀಗೆಯೇ ಕೊಕ್ಕರೆಗಳಿಗೆ ಬಿಟ್ಟುಕೊಟ್ಟಿದ್ದಾರೆ. ತುಮಕೂರು ದೊಡ್ಡ ಹುಣಿಸೆ ಮಾರುಕಟ್ಟೆಯಿರುವ ಊರು. ಹುಣಿಸೆಯ ಬೆಲೆ ಬಲ್ಲವರೇ ಅದನ್ನು ಹಕ್ಕಿಗೆ ಬಿಡುವುದೆಂದರೆ ಅದು ಸಣ್ಣ ದಾನವಲ್ಲ.

ಹಾಗೆಯೇ ಗೋಮಾಳ ಮತ್ತು ಕಾವಲುಗಳ ಪ್ರಶ್ನೆ. ಹಳ್ಳಿಕಾರ್ ಎತ್ತು ಈ ಸೀಮೆಯ ಮಣ್ಣಿನಿಂದ ಎದ್ದ ತಳಿ. ಶಿವರಾತ್ರಿಯ ಸಮಯದ ಸಿದ್ಧಗಂಗೆಯ ದನಗಳ ಜಾತ್ರೆಯಲ್ಲಿ ಅದರ ಗತ್ತನ್ನು ಇಂದಿಗೂ ಕಾಣಬಹುದು. ಆ ದನಕ್ಕೆ ಮೇವು ಕೊಟ್ಟದ್ದು ಊರೂರಿನ ಕಾವಲುಗಳು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ೬೧೫ ಎಕರೆಯ ಮೇಲೆ ಹೆಲಿಕಾಪ್ಟರ್ ಕಾರ್ಖಾನೆ ಎದ್ದು ೨೦೨೩ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಟಿಪ್ಪುವಿನ ಕಾಲದಿಂದ ಹೆಸರಾದ ಕುಣಿಗಲ್ಲಿನ ಕುದುರೆ ಫಾರಮ್ಮಿನ ನಾನೂರಕ್ಕೂ ಹೆಚ್ಚು ಎಕರೆ ಹಸಿರಿನ ಮೇಲೆ ಉಪನಗರ ಕಟ್ಟುವ ಪ್ರಸ್ತಾಪ ಎದ್ದು ಈಚಿನ ವರ್ಷಗಳಲ್ಲಿ ವಾದವಿವಾದ ನಡೆದಿದೆ. ಕಾರ್ಖಾನೆ ಬೇಡವೆಂದು ನಾನು ಹೇಳುವುದಿಲ್ಲ. ನಮ್ಮ ಮಕ್ಕಳಿಗೆ ಕೆಲಸ ಬೇಕು. ಆದರೆ ಲೆಕ್ಕ ಬರೆಯುವಾಗ ಬಂದ ಸಂಬಳವನ್ನು ಮಾತ್ರ ಬರೆದು, ಹೋದ ಹು್ಲ್ಲನ್ನು ಬರೆಯದಿದ್ದರೆ ಅದು ಅರ್ಧ ಲೆಕ್ಕ. ಬೆಲೆ ಕಟ್ಟದೆ ಇದ್ದದ್ದೆಲ್ಲ ಬೆಲೆಯಿಲ್ಲದ್ದಲ್ಲ. ಕುಣಿಗಲ್ಲಿನ ಕೆರೆಯ ಮೇಲೆ ಹಾಡು ಕಟ್ಟಿದ ನಮ್ಮ ಜನಪದ ಕವಿಗಳಿಗೆ ಇದು ತಿಳಿದಿತ್ತು. ಆ ಕೆರೆಯ ನೀರಿನ ಬೆಲೆಯನ್ನು ಅವರು ಹಾಡಿನಲ್ಲೇ ಬರೆದಿಟ್ಟರು.

ಹಾಗಾದರೆ ಆಗಬೇಕಾದದ್ದೇನು? ನನಗೆ ತೋಚಿದ ಮೂರು ಮಾತುಗಳನ್ನು ಹೇಳುತ್ತೇನೆ.

ಮೊದಲನೆಯದು, ಜನತಾ ದಾಖಲಾತಿಗಳನ್ನು ಮತ್ತೆ ತೆರೆದು, ಬಿಡುವಾಗಿ, ಮರದ ಕೆಳಗೆ ನಿಂತು ಬರೆಯಬೇಕು. ಈ ಕೆಲಸವನ್ನು ಕಚೇರಿಗೇ ಬಿಡಬಾರದು. ನಮ್ಮ ಕಾಲೇಜುಗಳ ಕನ್ನಡ ವಿದ್ಯಾರ್ಥಿಗಳು ಜನಪದ ಗೀತೆಗಳನ್ನು ಸಂಗ್ರಹಿಸಲು ಹಳ್ಳಿಗಳಿಗೆ ಹೋದ ಒಳ್ಳೆಯ ಪರಂಪರೆ ನಮ್ಮಲ್ಲಿದೆ. ಅದೇ ವಿದ್ಯಾರ್ಥಿಗಳು ಸಸ್ಯಶಾಸ್ತ್ರದ ವಿದ್ಯಾರ್ಥಿಗಳ ಜೊತೆಗೂಡಿ ಮರಗಳ ಹೆಸರನ್ನು ಸಂಗ್ರಹಿಸಲಿ. ಮರಕ್ಕೆ ಹೆಸರಿಟ್ಟ ಹಳ್ಳಿಯವನ ಮಾತು ನಿಘಂಟಿಗೂ ಬೇಕು, ಪಂಚಾಯಿತಿಯ ದಾಖಲೆಗೂ ಬೇಕು.

ಎರಡನೆಯದು, ಚೇಳೂರಿನ ಮಾದರಿಯನ್ನು ನಿಯಮವಾಗಿ ಮಾಡಬೇಕು. ರೈತನ ಬದುವಿನಿಂದ ಒಯ್ದ ಪ್ರತಿಯೊಂದು ತಳಿಗೂ ಮಾರಾಟದ ದೊಡ್ಡ ಪಾಲು ಪಾಲಕನಿಗೆ. ಒಂದು ಚಿಕ್ಕ ಪಾಲು ಊರಿನ ಸಮಿತಿಗೆ. ಆ ಚಿಕ್ಕ ಪಾಲಿನಿಂದ, ಪ್ರಸಿದ್ಧಿಗೆ ಬಾರದ ಉಳಿದ ಬೀಜದ ಮರಗಳನ್ನು ಕಡಿಯದೆ ಉಳಿಸಿಕೊಂಡವರಿಗೆ ವರ್ಷಕ್ಕಿಷ್ಟೆಂದು ಗೌರವಧನ ಸಲ್ಲಲಿ. ಹತ್ತು ಕಸಿ ಗಿಡ ಕೊಂಡವನು ಒಂದು ಬೀಜದ ಗಿಡವನ್ನೂ ನೆಡಲಿ. ಪ್ರಸಿದ್ಧ ಮರದ ಸಂಪಾದನೆ ಅಪ್ರಸಿದ್ಧ ಮರಕ್ಕೆ ಆಸರೆಯಾಗಲಿ.

ಮೂರನೆಯದು, ವೈವಿಧ್ಯಕ್ಕೆ ಮಾರುಕಟ್ಟೆ ಬೇಕು. ದಕ್ಷಿಣದ ಜಿಲ್ಲೆಗಳಲ್ಲಿ ಪಡಿತರದ ಅಂಗಡಿಯಲ್ಲಿ ರಾಗಿ ಕೊಡುವ ಏರ್ಪಾಡಿನಿಂದ ರಾಗಿ ಬೆಳೆಯುವವನಿಗೆ ಒಂದು ಆಧಾರ ಸಿಕ್ಕಿತು. ಅದೇ ರೀತಿ ಅವರೆ, ತೊಗರಿ, ಹುಚ್ಚೆಳ್ಳೆಣ್ಣೆಗಳು ನಮ್ಮ ಶಾಲೆ, ವಿದ್ಯಾರ್ಥಿನಿಲಯಗಳ ಅಡುಗೆಮನೆಗೆ ಸುತ್ತಲ ಹೊಲಗಳಿಂದಲೇ ಬರುವಂತಾದರೆ ಅಕ್ಕಡಿ ಸಾಲು ಮತ್ತೆ ಹೊಲಕ್ಕೆ ಮರಳುತ್ತದೆ. ಕೇರಳ ೨೦೧೮ರಲ್ಲಿ ಹಲಸನ್ನು ರಾಜ್ಯದ ಹಣ್ಣೆಂದು ಘೋಷಿಸಿತು. ಘೋಷಣೆ ನಮಗೆ ಅವಶ್ಯವಿಲ್ಲ. ಬೇಸಗೆಯ ಮೂರು ತಿಂಗಳಲ್ಲಿ ಕೊಳೆತುಹೋಗುವ ಹಣ್ಣನ್ನು ಒಣಗಿಸಿ, ಹಪ್ಪಳ ಮಾಡಿ, ವರ್ಷವಿಡೀ ಮಾರಬಲ್ಲ ಸಹಕಾರ ಸಂಘಗಳು ಚೇಳೂರಿನಂಥ ಊರುಗಳಲ್ಲಿ ಬಲವಾಗಿ ಬೇರೂರಿದರೆ ಸಾಕು.

ಹೊಸದಾಗಿ ಗಿಡ ನೆಡುವವರಿಗೆ ಕೊನೆಯದಾಗಿ ಒಂದು ಮಾತು. ಮುಂಗಾರು ಹಿಡಿಯುವ ಹೊತ್ತಿಗೇ ನಮ್ಮಲ್ಲಿ ಹಲಸಿನ ಹಣ್ಣಿನ ಕಾಲ ಮುಗಿಯುತ್ತ ಬರುತ್ತದೆ. ಸೊಗಸಾದ ಹಣ್ಣೊಂದನ್ನು ತಿಂದಾಗ ಅದರ ಬೀಜಗಳನ್ನೆಲ್ಲ ಸುಟ್ಟು ತಿನ್ನದೆ, ಎರಡನ್ನು ಹಸಿಯಾಗಿಯೇ ಬದುವಿನ ಮಣ್ಣಿಗೆ ಸೇರಿಸಿ. ಮಳೆ ಅದನ್ನು ನೋಡಿಕೊಳ್ಳುತ್ತದೆ. ಅದರಿಂದ ಹುಟ್ಟುವ ಮರ ಹೇಗಿರುತ್ತದೆಂದು ಇಂದು ಯಾವ ವಿಜ್ಞಾನಿಯೂ ಹೇಳಲಾರ. ಚೇಳೂರಿನ ಹಿರಿಯರು ಬೀಜ ಊರಿದ ದಿನ ಅವರಿಗೂ ಅದು ತಿಳಿದಿರಲಿಲ್ಲ.



(ಆಕಾಶವಾಣಿಯ ಕೃಪೆಯಿಂದ)